ಬಿಸಿಲು ಬೀಳುವ ಸೀಟು

ಬೋರವ್ವ ಬೈಯುವುದನ್ನು ನಿಲ್ಲಿಸಿದ್ದು ಛಟ್ಟಿ ಅಮಾವಾಸ್ಯೆ ಕಳೆದ ವಾರ. ಮೊದಲ ನಾಲ್ಕು ದಿನ ಮನೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಿದ ಮೇಲೂ ಸೊಸೆ ಅಂಜನಾಳಿಗೆ ಅನ್ನಿಸಿದ್ದು ಇಷ್ಟೇ: ಅಬ್ಬಾ, ಒಂದಿಷ್ಟು ದಿನ ಕಿವಿ ತಂಪಾಗಿರಲಿ.

ಬೈಗುಳ ಅಂದರೆ ಕೆಟ್ಟ ಮಾತೇನಲ್ಲ, ಬೋರವ್ವನ ಬಾಯಿ ಅಂಥದ್ದು. ಗ್ಯಾಸಿನ ಉರಿ ದೊಡ್ಡದಾದರೆ ಒಂದು ಮಾತು, ಹಿಟ್ಟು ಸಾಣಿಸುವಾಗ ನೆಲಕ್ಕೆ ಚೆಲ್ಲಿದರೆ ಒಂದು ಮಾತು, ಒಂಬತ್ತನೇ ಇಯತ್ತೆಯ ಮೊಮ್ಮಗಳು ಐಶ್ವರ್ಯ ಕೂದಲು ಬಿಟ್ಟುಕೊಂಡು ಸಾಲಿಗೆ ಹೊರಟರೆ ಹತ್ತು ಮಾತು. ನಲವತ್ತು ವರ್ಷ ಬಯಲಿನಲ್ಲಿ ಕುರಿಯ ಹಿಂದೆ ಕೂಗಿ ಪಳಗಿದ ದನಿ ಅದು. ಎರಡು ಕೋಣೆಯ ಬಾಡಿಗೆ ಮನೆಯೊಳಗೆ ಹಿಡಿಸದೆ ಓಣಿಗೆಲ್ಲ ಕೇಳುತ್ತಿತ್ತು.

ಅತ್ತೆ ಮಾವ ಗುಡೂರಿನಿಂದ ಇಳಕಲ್ಲಿಗೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಮಾವ ಬಂಡೆಪ್ಪನ ಮೊಣಕಾಲು ಸೋತಿದ್ದವು. ದಸರೆ ಮುಗಿದ ಮೇಲೆ ಉಳಿದ ಕುರಿಗಳನ್ನೆಲ್ಲ ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಎರಡು ಕಂಬಳಿ, ಒಂದು ಟ್ರಂಕು ಹಿಡಿದು ಮಗನ ಮನೆ ಸೇರಿದ್ದರು. ಮಗ ಬೀರೇಶನಿಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅಂಜನಾ ಬಸ್ ಕಂಡಕ್ಟರ್. ಇಳಕಲ್ಲಿನಿಂದ ಗುಡೂರಿನ ಮೇಲೆ ಬಾದಾಮಿಗೆ ಹೋಗುವ ಮುಂಜಾನೆಯ ಗಾಡಿ ಅವಳದು. ನೌಕರಿ ಕಾಯಂ ಆಗಲು ಇನ್ನೂ ಐದು ತಿಂಗಳು ಬಾಕಿಯಿತ್ತು. ಅಷ್ಟರೊಳಗೆ ಮೇಲಿಂದ ಮೇಲೆ ರಜೆ ಹಾಕುವಂತಿರಲಿಲ್ಲ.

ಬಂದ ಮರುದಿನವೇ ಬೋರವ್ವ ಅಡುಗೆಮನೆ ಹಿಡಿದಿದ್ದಳು. ಅಂಜನಾ ಏಳುವಷ್ಟರಲ್ಲಿ ಪಟಪಟ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಸ್ನಾನ ಮಾಡಿ ಖಾಕಿ ತೊಟ್ಟು ಬರುವ ಹೊತ್ತಿಗೆ ಡಬ್ಬಿ ಕಟ್ಟಿ ಬಾಗಿಲ ಬಳಿ ಇಟ್ಟಿರುತ್ತಿದ್ದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಮೊದಲ ಸಲ ಅಂಜನಾ ಯಾರೋ ಮಾಡಿದ ಬಿಸಿ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ದಿನ ಆ ಸಪ್ಪಳ ಕೇಳಲಿಲ್ಲ. ಎದ್ದು ನೋಡಿದರೆ ಅಡುಗೆಮನೆ ಕತ್ತಲು. ಬೋರವ್ವ ಗೋಡೆಯ ಕಡೆ ಮುಖ ಮಾಡಿ ಕಂಬಳಿ ಹೊದ್ದು ಮಲಗಿದ್ದಳು.

"ಅತ್ತೀ, ಮೈಯಾಗ ಆರಾಮ ಇಲ್ಲೇನ್ರಿ?"

"ಥಂಡಿ ಆಗೇತಿ."

"ಚಾ ಮಾಡ್ಲ್ಯಾ?"

"ಬ್ಯಾಡ."

ಅವತ್ತು ಅಂಜನಾ ಅವಸರದಲ್ಲಿ ಒಗ್ಗರಣೆ ಅವಲಕ್ಕಿ ಮಾಡಿಟ್ಟು ಓಡಿದಳು. ಮರುದಿನವೂ ಅದೇ. ವಾರ ಕಳೆಯುವಷ್ಟರಲ್ಲಿ ಮನೆಯ ನಡೆಯೆಲ್ಲ ಕೆಟ್ಟುಹೋಯಿತು. ಐಶ್ವರ್ಯ ಡಬ್ಬಿಯಲ್ಲಿ ಬ್ರೆಡ್ಡು ಒಯ್ದಳು. ಬೀರೇಶ ಕಾರ್ಖಾನೆಯ ಬಾಗಿಲಲ್ಲಿ ಮಿರ್ಚಿ ಭಜಿ ತಿಂದು ಹೊಟ್ಟೆ ಕೆಡಿಸಿಕೊಂಡ. ಬಂಡೆಪ್ಪ ಮಾತ್ರ ಬೀರಪ್ಪನ ಗುಡಿಯ ಕಟ್ಟೆಯಲ್ಲಿ ಹೊಸ ಗೆಳೆಯರ ಸಂಗಡ ಕುಳಿತು ಬಂದು, ಗಂಗಾಳದ ಮುಂದೆ ಕೂತಾಗ ಮುಖ ಕಿವುಚುತ್ತಿದ್ದ.

"ಇವ ರೊಟ್ಟಿ ಏನವ್ವಾ? ಕಚ್ಚಿದ್ರ ಹಲ್ಲ ಬರ್ತಾವು."

"ನಿನ್ನಿ ರಾತ್ರಿವು ಅದಾವ್ರಿ ಮಾವಾ. ಮುಂಜಾನಿ ಮಾಡಾಕ ಆಗೂದಿಲ್ಲ ನನಗ."

"ಅಕಿಗೆ ಏನಾಗೇತಿ? ದಿನಾ ಮಕ್ಕೊಂಡ್ರ ಮೈ ಜಡ್ಡ ಬೀಳತೈತಿ," ಎಂದು ಬಂಡೆಪ್ಪ ಹೆಂಡತಿಯ ಕಡೆ ತಿರುಗಿದ. "ಏಳ ಬೋರಿ, ಒಂದೀಟ ಓಣ್ಯಾಗ ಅಡ್ಡಾಡಿ ಬಾ."

ಬೋರವ್ವ ಏಳಲಿಲ್ಲ, ತಿರುಗಿ ಬೈಯಲೂ ಇಲ್ಲ. ಅಂಜನಾ ಕೈಯಲ್ಲಿನ ಸೌಟನ್ನು ಹಾಗೇ ಹಿಡಿದು ನಿಂತಳು. ಬಂಡೆಪ್ಪ ಹೀಗೆ ಅಂದಾಗ ಬೋರವ್ವ ಸುಮ್ಮನಿದ್ದದ್ದನ್ನು ಈ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬಂಡೆಪ್ಪನಿಗೂ ಅದು ತಟ್ಟಿರಬೇಕು. ಸಂಜೆ ಗುಡಿಯಿಂದ ಭಂಡಾರದ ಅರಿಶಿನ ತಂದು ತಾನೇ ಅವಳ ಹಣೆಗೆ ಹಚ್ಚಿದ. ಬೋರವ್ವ ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು.

ಮುಂದಿನ ವಾರದ ರಜೆಯ ದಿನ ಅಂಜನಾ ಅವಳನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರ್ ಖುಶನುಮಾ ಎಳೆವಯಸ್ಸಿನವಳು, ಸಾವಕಾಶ ಮಾತಾಡುವವಳು.

"ನಿದ್ದಿ ಹತ್ತತೈತೇನ್ರಿ ಅಮ್ಮಾ?"

"ಹತ್ತತೈತಿ. ಏಳೂದ ಆಗವಲ್ದು."

"ಊಟ?"

"ಬಾಯಿಗೆ ಎಲ್ಲಾ ಸಪ್ಪಗ."

"ಮನಸ್ಸಿಗೆ ಏನರ ತ್ರಾಸ ಐತೇನು? ಜೀವ ಬ್ಯಾಸರ ಆಗೇತೇನು?"

ಬೋರವ್ವ ಕಿಟಕಿಯ ಕಡೆ ನೋಡಿದಳು. "ಹೊತ್ತ ಹೋಗವಲ್ದು," ಅಂದಳು. ಅಷ್ಟೇ.

ರಕ್ತ ತಪಾಸಣೆ ಆಯಿತು. ಡಾಕ್ಟರ್ ಅಂಜನಾಳನ್ನು ಬದಿಗೆ ಕರೆದು ಹೇಳಿದಳು: "ರಕ್ತ ಸ್ವಲ್ಪ ಕಡಿಮಿ ಐತಿ, ಗುಳಿಗಿ ಕೊಟ್ಟೇನಿ. ಆದ್ರ ಇದು ಬರೇ ರಕ್ತದ್ದಲ್ಲ. ಥಂಡಿ ದಿನದಾಗ ಕೆಲವ್ರಿಗೆ ಮನಸ್ಸು ಹಿಂಗ ಕುಗ್ತೈತಿ. ಮುಂಜಾನಿ ಬಿಸಲಿಗೆ ಕುಂದ್ರಸ್ರಿ. ಅಡ್ಡಾಡಸ್ರಿ, ಮಾತಾಡಸ್ರಿ, ಒಬ್ಬರನ್ನ ಬಿಡಬ್ಯಾಡ್ರಿ. ಮೂರು ವಾರದಾಗ ಫರಕ ಕಾಣಲಿಲ್ಲಂದ್ರ ಬಾಗಲಕೋಟಿಗೆ ಮನಸ್ಸಿನ ಡಾಕ್ಟರ ಕಡೆ ಚೀಟಿ ಬರದ ಕೊಡ್ತೇನಿ. ಅದಕ್ಕಿಂತ ಮೊದಲ ಏನರ ಬ್ಯಾರೆ ಮಾತ ಆಡಿದ್ರ ತಡಾ ಮಾಡಬ್ಯಾಡ್ರಿ, ಅವತ್ತ ಬರ್ರಿ."

ಬಿಸಿಲಿಗೆ ಕೂರಿಸಿ ಅನ್ನುವುದು ಸುಲಭ. ಎದುರು ಮೂರು ಅಂತಸ್ತಿನ ಕಟ್ಟಡ. ಇವರ ಬಾಗಿಲಿಗೆ ಬಿಸಿಲು ಬರುವುದು ಮಧ್ಯಾಹ್ನ, ಅದೂ ಅರ್ಧ ತಾಸು. ಐಶ್ವರ್ಯ ಸಾಲಿಗೆ ಹೋಗುವ ಮೊದಲು ಅಜ್ಜಿಯನ್ನು ಕೈಹಿಡಿದು ಮಾಳಿಗೆಗೆ ಹತ್ತಿಸಿ ಕುರ್ಚಿ ಹಾಕಿ ಕೂರಿಸಿದಳು. ಹತ್ತು ನಿಮಿಷಕ್ಕೆ ಬೋರವ್ವ ಕೆಳಗಿದ್ದಳು.

"ಯಾಕ ಆಯಿ, ಬಿಸಲ ಛಲೋ ಬಿದ್ದೈತಲ್ಲ?"

"ಅಲ್ಲಿ ಕುಂತ ಏನ ಮಾಡ್ಲಿ? ಯಾರ ಮನಿ ಮ್ಯಾಲ ಎಷ್ಟು ನೀರಿನ ಟಾಕಿ ಅದಾವಂತ ಎಣಸ್ಲೇನು?"

ಹದಿನೈದು ದಿನದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ಐಶ್ವರ್ಯ ಕೂಡಲೇ ಅವ್ವನಿಗೆ ಫೋನಿನಲ್ಲಿ ಹೇಳಿದಳು. ಅಂಜನಾಳಿಗೆ ಬಸ್ಸಿನಲ್ಲೇ ನಗು ಬಂತು. ಆದರೆ ಅದು ಅಲ್ಲಿಗೇ ನಿಂತಿತು. ಮರುದಿನ ಮತ್ತೆ ಕಂಬಳಿ, ಗೋಡೆ.

ಅದಾದ ನಾಲ್ಕನೇ ದಿನ ಬೋರವ್ವ ಗ್ಯಾಸಿನ ಮೇಲೆ ಹಾಲಿಟ್ಟು ಮರೆತಳು. ಹಾಲು ಉಕ್ಕಿ ಉರಿ ಆರಿ, ಗ್ಯಾಸು ಮನೆತುಂಬ ಹರಡಿ, ವಾಸನೆಗೆ ಮೇಲಿನ ಮನೆಯವರು ಬಂದು ಬಾಗಿಲು ಬಡಿದಾಗ ಅವಳು ಒಲೆಗೆ ಮೂರು ಮಾರು ದೂರದಲ್ಲಿ ಸುಮ್ಮನೆ ಕುಳಿತಿದ್ದಳು. ಮಾಡಬಾರದ್ದು ಏನೂ ಮನಸ್ಸಿನಲ್ಲಿರಲಿಲ್ಲವೆಂದು ಅಂಜನಾ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. "ನೆನಪ ಹಾರ್ತು," ಎಂದಳು ಬೋರವ್ವ. ಬಂಡೆಪ್ಪ ಆ ಹೊತ್ತಿನಲ್ಲಿ ಗುಡಿಯ ಕಟ್ಟೆಯಲ್ಲಿದ್ದ.

ಸಂಜೆ ಬೀರೇಶ ಬೂಟು ಬಿಚ್ಚದೆಯೇ ಶುರುಮಾಡಿದ.

"ಸಾಕಿನ್ನ. ನೀ ನೌಕರಿ ಬಿಡು."

"ಏನಂದ್ರಿ?"

"ನಮ್ಮವ್ವನ ನೋಡಾಕ ಮನ್ಯಾಗ ಒಬ್ಬರ ಬೇಕು. ಇವತ್ತ ಬೆಂಕಿ ಹತ್ತಿದ್ರ? ಸಂಕ್ರಾಂತಿ ಆದ ಮ್ಯಾಲ ಕಾಗದ ಬರದ ಕೊಡು."

"ಇನ್ನ ಐದ ತಿಂಗಳು ಐತಿ. ಈಗ ಬಿಟ್ರ ಮತ್ತ ಸಿಗ್ತೈತೇನ್ರಿ ಈ ನೌಕರಿ? ನೀವ್ಯಾಕ ಬಿಡೂದಿಲ್ಲ?"

"ನಾ ಬಿಟ್ಟು ಮನ್ಯಾಗ ರೊಟ್ಟಿ ಬಡೀಲೇನು?"

"ಮಾವ ಮನ್ಯಾಗ ಇರ್ಲಿ."

ಬಂಡೆಪ್ಪ ಮೂಲೆಯಿಂದ ತಲೆ ಎತ್ತಿದ. "ನನಗ ಅಡಗಿ ಮನಿದು ಏನ ತಿಳಿತೈತವ್ವಾ?"

"ನನ್ನ ಸಂಬಂಧ ಜಗಳ ಆಡಬ್ಯಾಡ್ರಿ," ಎಂಬ ಮಾತು ಕಂಬಳಿಯೊಳಗಿನಿಂದ ಬಂತು. ಬೀರೇಶ ಬಗ್ಗಿ ಬೂಟು ಬಿಚ್ಚತೊಡಗಿದ.

ಬೆಳಗಾದರೆ ಡ್ಯೂಟಿ. ರಜೆ ಇಲ್ಲ, ಒಬ್ಬಳನ್ನೇ ಬಿಡುವಂತಿಲ್ಲ. ಅಂಜನಾಳಿಗೆ ಬೇರೆ ದಾರಿ ತೋಚಲಿಲ್ಲ. ಅತ್ತೆಯನ್ನು ಎಬ್ಬಿಸಿ, ಸೀರೆಯ ಮೇಲೆ ಸ್ವೆಟರು ತೊಡಿಸಿ, ಆಧಾರ ಕಾರ್ಡು ಕೈಗೆ ಕೊಟ್ಟು, "ನಡೀರಿ, ಇವತ್ತ ನನ್ನ ಸಂಗಾಟ ಬರ್ರಿ," ಎಂದು ಕರೆದುಕೊಂಡು ಹೋದಳು. ಯಾವ ಮದ್ದಿನ ವಿಚಾರವೂ ಅದರಲ್ಲಿರಲಿಲ್ಲ. ಕಣ್ಣೆದುರಿಗೆ ಇದ್ದರೆ ಸಾಕು ಎಂಬುದಷ್ಟೇ ಇತ್ತು.

ಡ್ರೈವರ್ ಅಫ್ಜಲ ಇಪ್ಪತ್ತು ವರ್ಷ ಆ ಭಾಗದಲ್ಲಿ ಗಾಡಿ ಓಡಿಸಿದವನು. ಸಂಗತಿ ಕೇಳಿ ತಲೆ ಆಡಿಸಿದ. "ಮೇಡಂ, ಹೋಗುವಾಗ ಎಡಗಡೆ ಕಿಟಕಿಗೆ ಕುಂದ್ರಸ್ರಿ. ಬರುವಾಗ ಬಲಗಡೆ. ಎರಡೂ ಕಡೆ ಪೂರಾ ಬಿಸಲ ಬೀಳ್ತೈತಿ."

ಅಂಜನಾ ಅತ್ತೆಗೆ ಉಚಿತ ಟಿಕೀಟು ಹರಿದು ಕೊಟ್ಟಳು. ಬೋರವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕಿಟಕಿಗೆ ಹಣೆ ಹಚ್ಚಿ ಕುಳಿತಳು. ಬಾದಾಮಿ ಮುಟ್ಟುವ ತನಕ ಒಂದು ಮಾತಿಲ್ಲ. ಅಲ್ಲಿ ಅರ್ಧ ಚಹ ಕುಡಿದಳು. ಬರುವಾಗ ನಿದ್ದೆ ಹೋದಳು. ಹೀಗೆ ಮೂರು ದಿನ.

ನಾಲ್ಕನೇ ದಿನ ಗುಡೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಬೋರವ್ವ ಕಿಟಕಿಯ ಗಾಜು ಸರಿಸಿದಳು. ತಣ್ಣನೆಯ ಗಾಳಿ ಒಳನುಗ್ಗಿತು. ಹಿಂದಿನ ಸೀಟಿನವಳು ಗೊಣಗಿದಳು.

"ಅತ್ತೀ, ಥಂಡಿ ಆಗ್ತೈತಿ, ಮುಚ್ರಿ."

"ಆ ಹುಣಸಿ ಗಿಡ ಕಡದ್ರೇನು?"

"ಯಾವ ಗಿಡಾ?"

"ಅಲ್ಲಿ ಇತ್ತು. ಎರಡ ಹಿಂಡಿಗೆ ನೆರಳಾಗ್ತಿತ್ತು." ಬೋರವ್ವ ಕತ್ತು ಹೊರಳಿಸಿ ಆ ಜಾಗ ಮರೆಯಾಗುವ ತನಕ ನೋಡಿದಳು. "ಈ ಹೊಲದಾಗ ಪ್ರತಿ ವರ್ಷ ಹತ್ತು ರಾತ್ರಿ ಕುರಿ ನಿಲ್ಲಸ್ತಿದ್ವಿ. ಗೊಬ್ಬರ ಬೀಳ್ತಿತ್ತು, ಹೊಲದವ್ರು ಜ್ವಾಳ ಅಳದ ಕೊಡ್ತಿದ್ರು. ನಸಿಕಿನ್ಯಾಗ ಎದ್ರ ಕುರಿ ಮೈಮ್ಯಾಲಿಂದ ಹೊಗಿ ಏಳ್ತಿತ್ತು ನೋಡು. ಒಲಿ ಮ್ಯಾಲಿನ ಗಡಗಿ ಇದ್ದಂಗ."

ಅಂಜನಾ ಟಿಕೀಟಿನ ಯಂತ್ರ ಹಿಡಿದು ನಿಂತೇಬಿಟ್ಟಳು. ಹದಿನಾರು ವರ್ಷದಲ್ಲಿ ಅತ್ತೆ ತನಗೆ ಹೀಗೆ ಏನನ್ನೂ ಹೇಳಿರಲಿಲ್ಲ. ಕೇಳಲೂ ತಾನು ಹೋಗಿರಲಿಲ್ಲ.

ಆಮೇಲೆ ದಿನಕ್ಕೊಂದು ಜಾಗ ಬಾಯಿ ಬಿಡತೊಡಗಿತು. ಈ ಹಳ್ಳದಲ್ಲಿ ಕುರಿ ಮೈ ತೊಳೆಯುತ್ತಿದ್ದೆವು. ಆ ದಿನ್ನೆಯ ಮೇಲೆ ತೋಳ ಬಂದಿತ್ತು, ನಿಮ್ಮ ಮಾವ ಬಡಿಗೆ ಮರೆತು ಕಂಬಳಿ ಬೀಸುತ್ತ ಓಡಿದ. ಮಲಪ್ರಭೆಯ ಸೇತುವೆ ದಾಟುವಾಗ ಒಮ್ಮೆ ತಾನಾಗಿಯೇ ನಕ್ಕಳು. ಈ ಉಸುಕಿನಲ್ಲೇ ಬಂಡೆಪ್ಪ ಇವಳಿಗೆ ಮೊದಲ ಸಲ ಶೇಂಗಾ ಹುರಿದು ಕೊಟ್ಟಿದ್ದನಂತೆ, ಅರ್ಧ ಸುಟ್ಟು ಕರಿಯಾಗಿದ್ದವಂತೆ. ಆಗ ಅವಳಿಗೆ ಹದಿನೇಳು.

ಎಳ್ಳ ಅಮಾವಾಸ್ಯೆಗೆ ಎರಡು ದಿನವಿದ್ದಾಗ ಗುಡೂರಿನಾಚೆಯ ಒಂದು ಕ್ರಾಸಿನಲ್ಲಿ, ಕಡಲೆ ಪಲ್ಯದ ಹಸಿ ಸೊಪ್ಪಿನ ಗಂಟು ತಲೆಯ ಮೇಲಿಟ್ಟುಕೊಂಡು ಒಬ್ಬ ಮುದುಕಿ ಬಸ್ ಹತ್ತಿದಳು. ಇಬ್ಬನಿಗೆ ಗಂಟು ತೊಯ್ದು ನೀರು ಸೋರುತ್ತಿತ್ತು. ಅವಳು ಕೂರಲು ಜಾಗ ಹುಡುಕುತ್ತ ಬೋರವ್ವನನ್ನು ಕಂಡು ನಿಂತಳು.

"ಯಾರ... ಕುರಿ ಬೋರವ್ವ ಅಲ್ಲೇನು?"

"ಕಾಸಿಂಬಿ!"

"ಹ್ವಾದ ವರ್ಷ ಬರಲಿಲ್ಲ, ಈ ವರ್ಷನೂ ಬರಲಿಲ್ಲ. ಸತ್ತಿ ಅಂತ ಮಾಡಿದ್ದೆ ನಾ!"

"ನೀ ಇರೂ ತನಕ ನಾ ಯಾಕ ಸಾಯ್ಲಿ?"

ಹುಣಸೆ ಗಿಡದ ಹೊಲ ಕಾಸಿಂಬಿಯ ಮನೆಯದೇ. ಇಬ್ಬರೂ ಒಂದೇ ಸೀಟಿಗೆ ಒತ್ತಿ ಕುಳಿತು ಬಾದಾಮಿಯವರೆಗೂ ಮಾತಾಡಿದರು. ಸತ್ತವರು, ಹುಟ್ಟಿದವರು, ಕಾಸಿಂಬಿಯ ಸೊಂಟ, ಬಂಡೆಪ್ಪನ ಮೊಣಕಾಲು. ನಡುವೆ ಬೋರವ್ವ ಗಂಟಿಗೆ ಕೈ ಹಾಕಿ ಪಲ್ಯ ತೆಗೆದು ನೋಡಿದಳು. "ಏನ ಇದು? ಕುಡಿ ಚಿವಟೂದು ಬಿಟ್ಟು ಬಲತ ಎಲಿ ಹರದೀರಿ. ಯಾರ ಹರದ್ರು ಇದನ್ನ? ಕಣ್ಣ ಇದ್ದಿಲ್ಲೇನು ಅವ್ರಿಗೆ?"

ಮುಂದೆ ಗೇರು ಬದಲಿಸುತ್ತಿದ್ದ ಅಫ್ಜಲ ಕನ್ನಡಿಯಲ್ಲಿ ಅಂಜನಾಳ ಮುಖ ನೋಡಿದ. ಅಂಜನಾ ಅತ್ತ ತಿರುಗಿ ಕಣ್ಣೊರೆಸಿಕೊಂಡಳು.

ಇಳಿಯುವ ಮುಂಚೆ ಕಾಸಿಂಬಿ ಅಂಜನಾಳಿಗೆ ಹೇಳಿದಳು: "ನಿಮ್ಮ ಮಾವ ಆರಾಮ ಅದಾನಿಲ್ಲೋ? ಅವನ ಕೈಯಾಗಿನ ರೊಟ್ಟಿ ತಿನ್ನದ ಭಾಳ ವರ್ಷಾತು. ಇಕಿ ಬಾಣಂತಿ ಇದ್ದಾಗ ಹಟ್ಟ್ಯಾಗ ಅವನ ಬಡೀತಿದ್ದ. ಇಕಿ ರೊಟ್ಟಿಗಿಂತ ತೆಳ್ಳಗ!"

ಆ ಸಂಜೆ ಅಂಜನಾ ಮನೆಗೆ ಬಂದವಳೇ ಹಿಟ್ಟಿನ ಡಬ್ಬಿ ತಂದು ಮಾವನ ಮುಂದಿಟ್ಟಳು.

"ಏನಿದು?"

"ಕಾಸಿಂಬಿ ಭೆಟ್ಟಿ ಆಗಿದ್ಲು ಮಾವಾ. ನಿಮ್ಮ ರೊಟ್ಟಿ ಭಾಳ ಛಲೋ ಆಗ್ತಾವಂತ."

ಬಂಡೆಪ್ಪ ಸಿಕ್ಕಿಬಿದ್ದವನ ಹಾಗೆ ಮಗನ ಮುಖ ನೋಡಿದ. "ಅದು... ಅಡವ್ಯಾಗಿನ ಮಾತು. ಊರಾಗ ಗಂಡಸರು ಬಡದ್ರ ಮಂದಿ ಏನಂದಾರು?"

"ಮುತ್ಯಾ, ಬಾಗಲಾ ಹಾಕ್ತೇನಿ, ಮಂದಿಗೆ ಕಾಣೂದಿಲ್ಲ," ಎಂದು ಐಶ್ವರ್ಯ ನಿಜವಾಗಿಯೂ ಹೋಗಿ ಬಾಗಿಲು ಹಾಕಿದಳು.

ಬೋರವ್ವ ಗೋಡೆಗೊರಗಿ ಕುಳಿತಲ್ಲಿಂದಲೇ ಅಂದಳು: "ನೀರ ಕುದಿಲಿ ಮೊದಲ. ಅವಸರ ಮಾಡ್ತಾನ ಅಂವ."

ಬಂಡೆಪ್ಪ ಮೊಣಕಾಲು ಮಡಿಚಲಾಗದೆ ಅಡುಗೆ ಕಟ್ಟೆಯ ಮುಂದೆ ನಿಂತೇ ಬಡಿದ. ಮೊದಲ ರೊಟ್ಟಿ ಹರಿಯಿತು, ಎರಡನೆಯದು ವಕ್ರವಾಯಿತು. ಮೂರನೆಯದು ಹಂಚಿನ ಮೇಲೆ ಬುರುಬುರು ಉಬ್ಬಿದಾಗ ಬೀರೇಶ ಬಾಯಿ ತೆರೆದು ನೋಡಿದ. ಕಾಸಿಂಬಿ ಕೊಟ್ಟ ಕಡಲೆ ಪಲ್ಯ, ಹಸಿಖಾರ, ಬಿಸಿ ರೊಟ್ಟಿ. ಬೋರವ್ವ ಒಂದೂವರೆ ರೊಟ್ಟಿ ತಿಂದಳು.

ಅಲ್ಲಿಂದ ಮನೆ ಒಂದು ರೀತಿಗೆ ಬಂತು. ಬಂಡೆಪ್ಪ ನಸುಕಿನಲ್ಲಿ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದ. ಬೋರವ್ವ ಅಂಜನಾಳ ಗಾಡಿಯಲ್ಲಿ ಹೋಗಿ ಕಾಸಿಂಬಿಯ ಕ್ರಾಸಿನಲ್ಲಿ ಇಳಿದು, ಬಿಸಿಲಿನಲ್ಲಿ ಕುಳಿತು ಪಲ್ಯ ಚಿವುಟಿ, ಗಾಡಿ ಬಾದಾಮಿಯಿಂದ ಮರಳುವಾಗ ಹತ್ತಿ ಬರುತ್ತಿದ್ದಳು. ಮೂರು ವಾರಕ್ಕೆ ದವಾಖಾನೆಗೆ ಹೋದಾಗ ಡಾಕ್ಟರ್ ಖುಶನುಮಾಗೆ ಒಂದು ಸಿವುಡು ಪಲ್ಯ ಒಯ್ದು, ಅದನ್ನು ಹೇಗೆ ಸೋಸಬೇಕೆಂದೂ ಹೇಳಿ ಬಂದಳು. ಸಂಕ್ರಾಂತಿಗೆ ಸಜ್ಜಿ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಳೆಗೆ ಹೋಗಿ ಬಂದರು. ನೌಕರಿ ಬಿಡುವ ಮಾತನ್ನು ಬೀರೇಶ ಎತ್ತಲಿಲ್ಲ.

ಆದರೆ ಸಂಕ್ರಾಂತಿಯ ಮರುವಾರ ಮೋಡ ಮುಚ್ಚಿತು. ಎಲ್ಲೋ ಸಮುದ್ರದಲ್ಲಿ ಗಾಳಿ ಎದ್ದಿದೆಯೆಂದರು. ನಾಲ್ಕು ದಿನ ಸೂರ್ಯನಿಲ್ಲ, ಜಿಟಿಜಿಟಿ ಹನಿ, ಎಲುಬು ಕೊರೆಯುವ ಶೀತಗಾಳಿ. ಬೋರವ್ವ ಎರಡನೇ ದಿನ ಅರ್ಧ ರೊಟ್ಟಿ ಬಿಟ್ಟಳು. ಮೂರನೇ ದಿನ ಏಳಲೇ ಇಲ್ಲ. ನಾಲ್ಕನೇ ದಿನ ಗೋಡೆಯ ಕಡೆ ತಿರುಗಿದಳು.

"ನಾ ಹೇಳಿದ್ದೆ," ಎಂದ ಬೀರೇಶ. "ಬಸ್ಸಿನ್ಯಾಗ ತಿರಗಿಸಿದ್ರ ಜಡ್ಡ ಹೋಗ್ತೈತೇನು? ಈ ತಿಂಗಳ ಕೊನೀಗೆ ಕಾಗದ ಕೊಡು. ಮಾತ ಮುಗೀತು."

"ಮುಗದಿಲ್ಲ. ಮಾವ ರೊಟ್ಟಿ ಮಾಡ್ತಾರ, ಐಶು ಭಾಂಡೆ ತಿಕ್ಕತಾಳ. ನೀವು ಏನ ಮಾಡ್ತೀರಿ ಹೇಳ್ರಿ? ನೌಕರಿ ಬಿಡು ಅನ್ನೂದು ಬಿಟ್ಟು?"

ಬೀರೇಶ ತಟ್ಟೆ ಸರಿಸಿ ಎದ್ದುಹೋದ.

ಐದನೇ ದಿನ ಅಂಜನಾ ಅತ್ತೆಯನ್ನು ಒತ್ತಾಯದಿಂದಲೇ ಎಬ್ಬಿಸಿ ಗಾಡಿ ಹತ್ತಿಸಿದಳು. ದಾರಿಯಲ್ಲಿ ಮೋಡ ಹರಿದು ಅಲ್ಲಲ್ಲಿ ಬಿಸಿಲು ಬಿತ್ತು. ಕ್ರಾಸಿನಲ್ಲಿ ಬೋರವ್ವ ಏನೂ ಹೇಳದೆ ಇಳಿದಳು. ಬಾದಾಮಿಯಿಂದ ಮರಳಿ ಬಂದಾಗ ಅಲ್ಲಿ ನಿಂತಿದ್ದವಳು ಕಾಸಿಂಬಿ ಒಬ್ಬಳೇ.

"ಅಂಜನಾ, ನಿಮ್ಮ ಅತ್ತಿ ಕಾಣವಲ್ಲಳು! ಪಲ್ಲೆ ಹರಿಯಾಕ ಹತ್ತಿದ್ಲು. ನೀರ ತರಾಕ ಹೋಗಿ ಬರೂದ್ರಾಗ ಇಲ್ಲ. ಬಾವಿ ಸೈತ ನೋಡಿ ಬಂದೆ."

ಅಂಜನಾ ಬಾಗಿಲಿನಿಂದ ಬಗ್ಗಿ ಹೊಲದ ಉದ್ದಕ್ಕೂ ನೋಡಿದಳು. ಬಸ್ಸಿನಲ್ಲಿ ಅರವತ್ತು ಜನ. ಅಫ್ಜಲ ಇಂಜಿನ್ ಬಂದ್ ಮಾಡಿ ಐದು ನಿಮಿಷ ಕಾದ. ಹಿಂದಿನಿಂದ ಯಾರೋ ದವಾಖಾನೆಗೆ ತಡವಾಯಿತೆಂದು ಕೂಗಿದರು. ಇಳಿದರೆ ಗಾಡಿ ಬಿಟ್ಟು ಹೋದಂತೆ, ಹೋದರೆ ಅತ್ತೆಯನ್ನು ಬಿಟ್ಟು ಹೋದಂತೆ. ಅವಳು ಗಂಡನಿಗೆ ಫೋನು ಮಾಡಿದಳು. "ಅತ್ತಿ ಕಾಣವಲ್ರು. ನೀವು ಈಗಿಂದೀಗ ಬರ್ರಿ. ಬೈಯೂದು ಆಮ್ಯಾಲ ಬೈರಿ." ಸೀಟಿ ಊದಿದಳು. ಇಳಕಲ್ಲಿನ ತನಕ ಯಾರಿಗೆ ಯಾವ ಟಿಕೀಟು ಕೊಟ್ಟಳೋ ಅವಳಿಗೇ ತಿಳಿಯದು.

ಡ್ಯೂಟಿ ಒಪ್ಪಿಸಿ ಇನ್ನೊಂದು ಬಸ್ಸು ಹತ್ತುವಷ್ಟರಲ್ಲಿ ಬೀರೇಶನ ಫೋನು ಬಂತು. "ಸಿಕ್ಕಾಳ. ಹೊಳಿ ಕಡೆ ಬಾ." ದನಿ ಹೇಗೋ ಇತ್ತು. ಏನೆಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

ಮಧ್ಯಾಹ್ನ ಮೂರಕ್ಕೆ ಅಂಜನಾ ಹೊಳೆಯ ದಂಡೆ ಮುಟ್ಟಿದಳು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಬೆಳಗಾವಿ ಕಡೆಯಿಂದ ಬಂದ ಕುರಿಗಾರರು ಅಲ್ಲಿ ಹಟ್ಟಿ ಹಾಕಿದ್ದರು. ಮುಂಜಾನೆ ಕಾಸಿಂಬಿಯ ಹೊಲದ ಬದಿಯಲ್ಲಿ ಆ ಹಿಂಡು ಹಾದುಹೋದಾಗ ಬೋರವ್ವ ಕೈಯಲ್ಲಿನ ಪಲ್ಯ ಅಲ್ಲೇ ಚೆಲ್ಲಿ ಅದರ ಹಿಂದೆ ನಡೆದುಬಿಟ್ಟಿದ್ದಳು. ಎಷ್ಟು ದೂರವೆಂಬ ಎಚ್ಚರವೂ ಇಲ್ಲದೆ ಎರಡು ಹರಿದಾರಿ ನಡೆದಿದ್ದಳು. ಈಗ ಕಾಲು ಚಾಚಿ ಕುಳಿತು, ಯಾರದೋ ಎರಡು ತಿಂಗಳ ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಎದುರಿಗೆ ಅದರ ಎಳೆಯ ತಾಯಿ, ಪಕ್ಕದಲ್ಲಿ ಬೀರೇಶ ನೆಲ ನೋಡುತ್ತ ಕುಳಿತಿದ್ದರು.

"ಈ ನೂಲಿನ ಸ್ವೆಟರ ಥಂಡಿ ತಡೀತೈತೇನು? ಕಂಬಳಿ ತುಣಕು ಹರದ ಎದಿಗೆ ಸುತ್ತು," ಎಂದು ಆ ತಾಯಿಗೆ ಹೇಳುತ್ತಿದ್ದಳು. ಅಂಜನಾಳನ್ನು ಕಂಡು, "ಬಂದ್ಯಾ? ಉಂಡಿಲ್ಲಂತ ಮಾರಿ ಹೇಳ್ತೈತಿ. ಕುಂದ್ರು," ಅಂದಳು.

ಅಂಜನಾ ಕುಸಿದಂತೆ ಕುಳಿತಳು. ಅಳಬೇಕೋ ಜಗಳಾಡಬೇಕೋ ತಿಳಿಯಲಿಲ್ಲ. "ಹೇಳಿ ಹೋಗಬೇಕಿಲ್ರಿ ಅತ್ತೀ? ನಮ್ಮ ಜೀವ ಕೈಯಾಗ ಬಂದಿತ್ತು."

"ಹೌದು, ತಪ್ಪಾತು," ಎಂದಳು ಬೋರವ್ವ. ಅದನ್ನೂ ಯಾರೂ ಹಿಂದೆ ಕೇಳಿರಲಿಲ್ಲ. ಆಮೇಲೆ ಮಗನ ಕಡೆ ತಿರುಗಿದಳು.

"ಬೀರ್ಯಾ, ನೀ ಹುಟ್ಟಿದ್ದು ಇಂಥಾದ ಪುಷ್ಯದ ಥಂಡ್ಯಾಗ. ಹನ್ನೆರಡನೇ ದಿನಕ್ಕ ನಿನ್ನ ಬುಟ್ಟ್ಯಾಗ ಹಾಕಿ, ಸಂಗಾಟ ಒಂದ ಮರಿ ಮಲಗಿಸಿ, ಕುರಿ ಹಿಂದ ನಡದೀನಿ ನಾ. ಕೂಸ ಐತಿ ಕೆಲಸ ಬಿಡು ಅಂತ ನನಗ ಯಾರೂ ಅನ್ನಲಿಲ್ಲ. ಈಗ ಅಕಿಗೆ ಯಾಕ ಅಂತೀ? ನನ್ನ ಹೆಸರ ಹೇಳಿ ಅಕಿ ನೌಕರಿ ಬಿಡಸಬ್ಯಾಡ. ನನ್ನ ಮ್ಯಾಲ ಆ ಭಾರ ಹಾಕಬ್ಯಾಡ."

ಬೀರೇಶ ಎಣ್ಣೆಯ ಬಟ್ಟಲನ್ನು ಅವ್ವನ ಕೈಗೆ ಹತ್ತಿರ ಸರಿಸಿದ. "ರವಿವಾರ ನನಗ ರಜಾ ಇರ್ತೈತಿ. ನಾ ಗಾಡಿ ಮ್ಯಾಲ ಕರಕೊಂಡ ಬರ್ತೇನಿ ಇಲ್ಲಿಗೆ," ಎಂದ. ಕುರಿಗಾರರ ಹುಡುಗಿ ಕೊಟ್ಟ ಮೆತ್ತನೆಯ ರೊಟ್ಟಿ, ಕುರಿಹಾಲಿನ ಮೊಸರು ಮೂವರೂ ತಿಂದರು.

ಸಂಜೆ ಬೀರೇಶ ಬೈಕಿನಲ್ಲಿ ಮುಂದೆ ಹೋದ. ಅತ್ತೆ ಸೊಸೆ ಬಸ್ಸಿಗೆ ಬಂದರು. ಬೇರೆ ಕಂಡಕ್ಟರ್, ಬೇರೆ ಡ್ರೈವರ್. ಇಬ್ಬರೂ ಪ್ರಯಾಣಿಕರಾಗಿ ಪಕ್ಕಪಕ್ಕ ಕುಳಿತದ್ದು ಅದೇ ಮೊದಲು.

"ಇದು ನನಗ ಹೊಸಾದಲ್ಲ ಅಂಜನಾ," ಎಂದಳು ಬೋರವ್ವ ಕಿಟಕಿಯ ಕಡೆಯೇ ನೋಡುತ್ತ. "ಪ್ರತಿ ವರ್ಷ ಥಂಡಿ ಬಿತ್ತಂದ್ರ ಎದಿ ಮ್ಯಾಲ ಏನೋ ಬಂದ ಕುಂದರ್ತಿತ್ತು. ಆದ್ರ ಕುರಿ ಇದ್ವು. ಅವು ಎಬ್ಬಸ್ತಿದ್ವು, ಏಳ್ತಿದ್ದೆ. ನಡಸ್ತಿದ್ವು, ನಡೀತಿದ್ದೆ. ಶಿವರಾತ್ರಿ ಹೊತ್ತಿಗೆ ಹಗರ ಆಗ್ತಿತ್ತು."

"ಮಾವಗ ಗೊತ್ತಿತ್ತೇನ್ರಿ?"

"ಇಲ್ಲ. ಯಾರಿಗೂ ಹೇಳಿಲ್ಲ."

"ಯಾಕ್ರಿ?"

"ಏನಂತ ಹೇಳ್ಲಿ? ಕಾಲ ನೋವಂದ್ರ ಕಾಲ ತೋರಸಬಹುದು. ಇದಕ್ಕ ಹೆಸರ ಇದ್ದಿಲ್ಲ." ಸ್ವಲ್ಪ ತಡೆದು ಅಂದಳು: "ಮುಂದಿನ ವರ್ಷ ಮತ್ತ ಬರ್ತೈತಿ."

ಅಂಜನಾ ಅತ್ತೆಯ ಕೈ ಹಿಡಿದಳು. ಎಣ್ಣೆ ಇನ್ನೂ ಅಂಟಂಟಾಗಿತ್ತು. "ಬರ್ಲಿ. ಆದ್ರ ಬಂದ ದಿನಾನ ನನಗ ಹೇಳ್ರಿ. ಹೆಸರ ಬ್ಯಾಡ, ಏನೂ ಬ್ಯಾಡ. ಬಂತು ಅಂದ್ರ ಸಾಕು, ನನಗ ತಿಳಿತೈತಿ."

"ಬಂತು ಅಂತ?"

"ಹೂಂ. ಅಷ್ಟ."

ಬೋರವ್ವ ಟಿಕೀಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಸ್ಸು ಗುಡೂರು ದಾಟಿತು.

ಬೇಸಿಗೆಯಲ್ಲಿ ಅಂಜನಾಳ ನೌಕರಿ ಕಾಯಂ ಆಯಿತು. ಮಳೆಗಾಲದಲ್ಲಿ ಅವಳ ಮಾರ್ಗ ಬದಲಾಗಿ ಬಾಗಲಕೋಟೆಯ ಗಾಡಿ ಸಿಕ್ಕಿತು. ಬಂಡೆಪ್ಪ ಈಗ ಬಾಗಿಲು ತೆರೆದಿಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದ. ಬೋರವ್ವ ಬೈಯುತ್ತಲೇ ಇದ್ದಳು, ಓಣಿ ಕೇಳುತ್ತಲೇ ಇತ್ತು.

ಕಾರ್ತಿಕ ಕಳೆದು ಚಳಿ ಬಿದ್ದ ಒಂದು ಮುಂಜಾನೆ, ಹುನಗುಂದದ ಸ್ಟ್ಯಾಂಡಿನಲ್ಲಿ ಜನ ಒತ್ತಿ ಹತ್ತುತ್ತಿರುವಾಗ ಅಂಜನಾಳ ಫೋನು ರಿಂಗಾಯಿತು. ಐಶ್ವರ್ಯಳ ನಂಬರು. ಆದರೆ ದನಿ ಬೋರವ್ವನದು, ತಗ್ಗಿದ ದನಿ.

"ಅಂಜನಾ."

"ಹೇಳ್ರಿ ಅತ್ತೀ."

ಹಿಂದೆ ಪಟಪಟ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಆಮೇಲೆ ಅತ್ತೆ ಅಂದಳು:

"ಬಂತು ನೋಡವ್ವಾ."

ಅಂಜನಾ ಬಾಗಿಲ ಕಂಬ ಹಿಡಿದುಕೊಂಡಳು. "ಛಲೋ ಆತು, ಹೇಳಿದ್ರಿ," ಅಂದಳು. "ಸ್ವೆಟರ ಹಾಕ್ಕೊಂಡ ತಯಾರಾಗ್ರಿ. ಅಫ್ಜಲಣ್ಣನ ಬಾದಾಮಿ ಗಾಡಿ ಇನ್ನೂ ಬಿಟ್ಟಿಲ್ಲ, ನಿಂದ್ರಸು ಅಂತ ಹೇಳ್ತೇನಿ."